ಮಾರುವ ಪಟವೂ ಮಾಸುವ ಬಣ್ಣವೂ

ಛಾಯಾಚಿತ್ರಗಳನ್ನು ಅಚ್ಚುಮಾಡಿಸಿ ಮಾರುವ ಕಸುಬು ಕನ್ನಡನಾಡಿನ ಜಿಲ್ಲಾಪಟ್ಟಣಗಳಲ್ಲಿ ಬೇರೂರದಿರುವುದೇಕೆಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುವುವು. ಒಳ್ಳೆಯ ಪಟವನ್ನು ಮಾಡಿಸಿದರೆ ಅದರ ಬೆಲೆಯನ್ನು ತೆರಬಲ್ಲ ಗೃಹಸ್ಥನಿಲ್ಲವೆಂಬುದು ಒಂದು. ಗೃಹಸ್ಥನು ತೆರಬಲ್ಲ ಬೆಲೆಗೆ ಒಳ್ಳೆಯ ಪಟವನ್ನು ಮಾಡಿಸಲಾಗದೆಂಬುದು ಇನ್ನೊಂದು. ಮಾತು ಎರಡಾದರೂ ತಾತ್ಪರ್ಯವೊಂದೇ: ಅಗ್ಗಕ್ಕೂ ಗುಣಕ್ಕೂ ಹಾವು ಮುಂಗುಸಿಗಳ ವೈರ, ಇವೆರಡೂ ಒಂದು ಮನೆಯಲ್ಲಿ ಬಾಳಲಾರವು ಎಂಬುದು. ಬಹುಜನರ ಬಾಯಲ್ಲಿ ಓಡಾಡುತ್ತಿರುವ ಮಾತ್ರಕ್ಕೆ ಯಾವ ಅಭಿಪ್ರಾಯವೂ ಪ್ರಮಾಣವಾಗದು. ವಿಚಾರಿಸಿ ನೋಡಿದರೆ ಇದು ಆಲಸ್ಯದಿಂದ ಹುಟ್ಟಿ ಲಾಭದಾಸೆಯಿಂದ ಬೆಳೆದ ಭ್ರಾಂತಿಯೆಂದು ಗೊತ್ತಾಗುವುದು.

ಪಟದ ಬೆಲೆಯನ್ನು ಇಳಿಸತಕ್ಕ ಸ್ಥಾನಗಳು ಕೆಲವುಂಟು. ಇಳಿಸಲೇಬಾರದ ಸ್ಥಾನಗಳು ಕೆಲವುಂಟು. ಗಾತ್ರ, ಚೌಕಟ್ಟು, ಆಡಂಬರ, ಬೇಕೆಂದು ಸೃಷ್ಟಿಸಿದ ಅಭಾವ, ಇವುಗಳಲ್ಲಿ ಎಷ್ಟು ಇಳಿಸಿದರೂ ಪಟಕ್ಕೆ ಹಾನಿಯಿಲ್ಲ. ಕಾಗದ ಮತ್ತು ಬಣ್ಣ, ಇವೆರಡರಲ್ಲಿ ಕೈ ಹಿಡಿದರೆ ಪಟವು ಪಟವಾಗಿ ಉಳಿಯದು. ಆದರೆ ಈಗ ನಡೆಯುತ್ತಿರುವ ವ್ಯಾಪಾರವು ಇದನ್ನು ತಲೆಕೆಳಗು ಮಾಡಿದೆ. ಗಾತ್ರವನ್ನು ಹಿಗ್ಗಿಸಿ, ಚೌಕಟ್ಟಿಗೆ ಚಿನ್ನದ ಬಣ್ಣ ಬಳಿದು, ಆ ಖರ್ಚನ್ನು ಸರಿದೂಗಿಸುವುದಕ್ಕಾಗಿ ಕಾಗದದಲ್ಲಿಯೂ ಬಣ್ಣದಲ್ಲಿಯೂ ಕಳ್ಳತನ ಮಾಡುವುದು ರೂಢಿಯಾಗಿದೆ. ಕಳ್ಳತನವೆಂಬ ಮಾತು ಕಠಿನವಾಗಿ ತೋರಬಹುದು. ಆದರೆ ಕೊಳ್ಳುವವನಿಗೆ ತಿಳಿಸದೆ ಅವನ ವಸ್ತುವಿನ ಆಯುಸ್ಸನ್ನು ಕತ್ತರಿಸಿ ಇಟ್ಟುಕೊಳ್ಳುವುದಕ್ಕೆ ಬೇರೆ ಹೆಸರಿಲ್ಲ.

ಉತ್ಸವಗಳ ಕಾಲದಲ್ಲಿ ಏರ್ಪಡುವ ವಸ್ತುಪ್ರದರ್ಶನಗಳನ್ನು ನೋಡಿದವರಿಗೆ ಈ ಸ್ಥಿತಿಯು ಹೊಸದಲ್ಲ. ಜೋಗದ ಜಲಪಾತ, ಬೇಲೂರಿನ ಮದನಿಕೆ, ಕಬಿನಿಯ ದಂಡೆಯ ಆನೆಗಳ ಹಿಂಡು, ಮಲೆನಾಡಿನ ಮಳೆ, ಇವುಗಳ ಪಟಗಳು ಆಳೆತ್ತರಕ್ಕೆ ಹಿಗ್ಗಿ ಸಾಲಾಗಿ ನಿಂತಿರುತ್ತವೆ. ಕೊಂಡ ದಿನ ಅವು ಕಣ್ಣು ಕುಕ್ಕುವಂತೆ ಹೊಳೆಯುವುವು. ಎರಡು ಬೇಸಗೆಗಳು ಕಳೆಯುವಷ್ಟರಲ್ಲಿ ಹಸುರು ಬೂದಿಯಾಗುವುದು, ಆನೆಯ ಮೈ ನೀಲಿಗಟ್ಟುವುದು. ಕ್ಷೌರದ ಅಂಗಡಿಯ ಕಿಟಕಿಯಲ್ಲಿ ಹಲವು ವರ್ಷಗಳಿಂದ ಅಂಟಿಸಿದ ಪಟಗಳೆಲ್ಲ ನೀಲಿಯಾಗಿರುವುದನ್ನು ಯಾರು ಕಂಡಿಲ್ಲ? ಬಿಸಿಲಿಗೆ ಕೆಂಪು ಮತ್ತು ಹಳದಿಯ ಬಣ್ಣಗಳು ಮೊದಲು ಸತ್ತು ನೀಲಿಯೊಂದೇ ಉಳಿದುದರ ಫಲವದು. ಅಂಗಡಿಯ ಪಟವು ಬಿಟ್ಟಿ ಬಂದದ್ದು, ಕೆಟ್ಟರೆ ಚಿಂತೆಯಿಲ್ಲ. ಸಂಬಳದಲ್ಲಿ ಉಳಿಸಿದ ಹಣದಿಂದ ಕೊಂಡು ನಡುಮನೆಯ ಗೋಡೆಗೆ ಏರಿಸಿದ ಪಟಕ್ಕೆ ಅದೇ ಗತಿಯಾದರೆ ಆ ಗೃಹಸ್ಥನು ಎರಡನೆಯ ಪಟವನ್ನು ಕೊಳ್ಳುವನೇ? ಅವನು ಕೊಳ್ಳನು, ಅವನ ನೆರೆಯವನೂ ಕೊಳ್ಳನು. ಹೀಗೆ ಒಬ್ಬ ಮಾರಾಟಗಾರನು ಮಾಡಿದ ಮೋಸದ ದಂಡವನ್ನು ಮುಂದೆ ಬರುವ ಹತ್ತು ಮಂದಿ ಪ್ರಾಮಾಣಿಕರಾದ ಛಾಯಾಗ್ರಾಹಕರು ತೆರಬೇಕಾಗುವುದು.

ಇದಕ್ಕೆ ಮಾರಾಟಗಾರರು ಕೊಡುವ ಸಮಾಧಾನವು ವಿಚಿತ್ರವಾದುದು: ಕೊಳ್ಳುವವರಿಗೆ ಗುಣದೋಷಗಳ ವಿವೇಕವಿಲ್ಲ, ಅವರಿಗೆ ಬೇಕಾದುದು ಅಗ್ಗ ಮಾತ್ರ ಎಂದು. ಇದು ಗೃಹಸ್ಥರ ಮೇಲೆ ಹೊರಿಸಿದ ಅಪವಾದವೇ ಹೊರತು ಯುಕ್ತಿಯಲ್ಲ. ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಹೆಂಗಸು ಅದನ್ನು ಬೆರಳಿನಿಂದ ತಟ್ಟಿ ನಾದವನ್ನು ಕೇಳದೆ ಕಾಸು ಬಿಚ್ಚುವುದಿಲ್ಲ. ಸೀರೆಯನ್ನು ಕೊಳ್ಳುವ ಗೃಹಿಣಿಯು ಬಣ್ಣ ಬಿಡುವುದೇ ಎಂದು ಕೇಳದೆ ಸೆರಗನ್ನು ಮಡಿಸುವುದಿಲ್ಲ. ಅಕ್ಕಸಾಲಿಗನ ಮುಂದೆ ಒರೆಗಲ್ಲಿದೆ. ಇಷ್ಟು ಜಾಗರೂಕರಾದ ಜನರು ಪಟವನ್ನು ಕೊಳ್ಳುವಾಗ ಮಾತ್ರ ಮೌನವಾಗಿರುವುದು ಅವಿವೇಕದಿಂದಲ್ಲ. ಏನನ್ನು ಕೇಳಬೇಕೆಂಬುದನ್ನು ಅವರಿಗೆ ಯಾರೂ ತಿಳಿಸದಿರುವುದರಿಂದ. ತಿಳಿಸಬೇಕಾದವರು ತಿಳಿಸದೆ ಇದ್ದು, ಆ ಅಜ್ಞಾನದ ಮೇಲೆಯೇ ಅಂಗಡಿಯನ್ನು ಕಟ್ಟಿಕೊಂಡು, ಬಳಿಕ ಅಜ್ಞಾನವನ್ನೇ ಹಳಿಯುವುದು ನ್ಯಾಯವಲ್ಲ.

ಮಾಸುವ ಪಟದ ವ್ಯಾಜ್ಯವು ಛಾಯಾಚಿತ್ರಕಲೆಯಷ್ಟೇ ಹಳೆಯದು. ಆ ಕಲೆಯು ೧೮೩೯ರಲ್ಲಿ ಲೋಕಕ್ಕೆ ಪ್ರಕಟವಾಯಿತು. ೧೮೫೦ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರ್ ಎಂಬಾತನು ಮೊಟ್ಟೆಯ ಬಿಳಿಯ ಲೋಳೆಯನ್ನು ಸವರಿದ ಕಾಗದದ ಮೇಲೆ ಪಟಗಳನ್ನು ಇಳಿಸುವ ಕ್ರಮವನ್ನು ಕಂಡುಹಿಡಿದು, ಮರುವರ್ಷವೇ ಲೀಲ್ ಪಟ್ಟಣದ ಬಳಿ ಮಾರಾಟಕ್ಕಾಗಿ ಪಟಗಳನ್ನು ಅಚ್ಚುಹಾಕುವ ಕಾರ್ಖಾನೆಯನ್ನು ತೆರೆದನು. ಪಟಗಳು ಮನೆಮನೆಗೆ ಹೋದುವು; ಹೋದ ಕೆಲವೇ ವರ್ಷಗಳಲ್ಲಿ ಅವುಗಳಲ್ಲಿ ಅನೇಕವು ಹಳದಿಗಟ್ಟಿ ಅಳಿಸಿಹೋಗತೊಡಗಿದುವು. ಆಗ ಲಂಡನ್ನಿನ ಛಾಯಾಚಿತ್ರ ಸಂಘದವರು ಬಾಯಿಗೆ ಬೀಗ ಹಾಕಿಕೊಂಡು ಕುಳಿತರೇ? ಇಲ್ಲ. ೧೮೫೫ರಲ್ಲಿ ಈ ಮಾಸುವಿಕೆಯ ಕಾರಣವನ್ನು ಶೋಧಿಸುವುದಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿದರು. ರಾಣಿಯ ಪತಿಯಾದ ರಾಜಕುಮಾರ ಆಲ್ಬರ್ಟನು ಅದರ ವೆಚ್ಚಕ್ಕೆ ೫೦ ಪೌಂಡುಗಳನ್ನು ಕೊಟ್ಟನು. ಪಟವನ್ನು ಸರಿಯಾಗಿ ತೊಳೆಯದೆ ಉಳಿದ ಹೈಪೋ ಲವಣ, ತೇವ, ಪಟ್ಟಣದ ಗಾಳಿಯಲ್ಲಿರುವ ಗಂಧಕ, ಇವೇ ಮುಖ್ಯ ಶತ್ರುಗಳೆಂದು ಸಮಿತಿಯು ನಿರ್ಣಯಿಸಿತು. ಆ ಕಾಲದವರಿಗೆ ವಿದ್ಯೆ ಕಡಿಮೆಯಿದ್ದಿರಬಹುದು, ಲಜ್ಜೆ ಕಡಿಮೆಯಿರಲಿಲ್ಲ. ಮಾರಿದ ಪಟ ಮಾಸಿದರೆ ಅದು ತಮ್ಮ ಕಲೆಗೆ ಬಂದ ಕಳಂಕವೆಂದು ಅವರು ಬಗೆದರು.

ಇದಕ್ಕೆ ಬೆಂಗಳೂರಿನಲ್ಲಿಯೇ ನಡೆದ ನಿದರ್ಶನವೊಂದುಂಟು. ಮದರಾಸಿನ ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಎಂಬಾತನು ೧೮೫೪ರಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದನು. ೧೮೫೫ರಲ್ಲಿ ಬರ್ಮಾ ದೇಶಕ್ಕೆ ಹೋದ ರಾಯಭಾರದ ಜೊತೆಯಲ್ಲಿದ್ದು ಅಲ್ಲಿಯ ನೋಟಗಳನ್ನು ತೆಗೆದುಕೊಂಡು ಬಂದು, ಬೆಂಗಳೂರಿನಲ್ಲಿ ಕುಳಿತು, ೧೨೦ ಚಿತ್ರಗಳ ಸುಮಾರು ೫೦ ಕಟ್ಟುಗಳನ್ನು ಸಿದ್ಧಪಡಿಸಿದನು. ಎಂದರೆ ೬೦೦೦ದಷ್ಟು ಪಟಗಳು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಸೂರ್ಯನ ಬೆಳಕೇ ಮುದ್ರಣಾಲಯ. ಚಿನ್ನದ ಲವಣದಿಂದ ಸಂಸ್ಕರಿಸಿದ ಆತನ ಪಟಗಳಲ್ಲಿ ಬಹುವಾಗಿ ಉಳಿದುಬಂದು, ೨೦೧೪ ಮತ್ತು ೨೦೧೫ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ಪ್ರದರ್ಶಿತವಾದುವು. ಆತನ ಸರಕಾರಿ ಕೆಲಸವನ್ನು ವೆಚ್ಚ ಹೆಚ್ಚಾಯಿತೆಂದು ೧೮೬೦ರ ಹೊತ್ತಿಗೆ ನಿಲ್ಲಿಸಲಾಯಿತು. ನಿಲ್ಲಿಸಿದವರು ಉಳಿಸಿದ ಹಣವೆಷ್ಟೆಂಬುದನ್ನು ಇಂದು ಯಾರೂ ವಿಚಾರಿಸುವುದಿಲ್ಲ. ಆತನು ಉಳಿಸಿದ ಪಟಗಳನ್ನು ಎಲ್ಲರೂ ನೋಡುತ್ತಾರೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ ಸ್ವದೇಶದ ಶಾಸ್ತ್ರವೇ ಸಾಕ್ಷಿಯಾಗಿ ನಿಲ್ಲುವುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕರ್ಮದ ಪ್ರಕರಣವುಂಟು. ಅಲ್ಲಿ ಭಿತ್ತಿಯ ಸಂಸ್ಕಾರಕ್ಕೆ ದೊಡ್ಡ ಸ್ಥಾನವಿದೆ: ಎಮ್ಮೆಯ ತೊಗಲನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವುದು ಹೇಗೆ, ಅದನ್ನು ಬಿಳಿಯ ಮಣ್ಣಿನೊಡನೆ ಬೆರಸಿ ಗೋಡೆಗೆ ಲೇಪಿಸುವುದು ಹೇಗೆ ಎಂಬುದನ್ನು ರಾಜನು ವಿವರಿಸುತ್ತಾನೆ. ಸಾಮ್ರಾಜ್ಯವನ್ನಾಳುವ ದೊರೆಗೆ ಗೋಡೆಯ ಗಾರೆಯ ಚಿಂತೆಯೇಕೆ? ಆಧಾರವು ದೃಢವಾಗದೆ ಆಧೇಯವು ನಿಲ್ಲದೆಂಬುದು ಅವನಿಗೆ ಗೊತ್ತಿದ್ದುದರಿಂದ. ಇಂದಿನ ಛಾಯಾಗ್ರಾಹಕನಿಗೆ ಕಾಗದವೇ ಭಿತ್ತಿ. ಲಕ್ಷಾಂತರ ರೂಪಾಯಿಗಳ ಕ್ಯಾಮರಾವನ್ನು ಹೊತ್ತು ಬೆಟ್ಟವನ್ನೇರಿ ಮೂರು ದಿನ ಕಾದು ಚಿತ್ರವನ್ನು ತೆಗೆದವನು, ಆ ಚಿತ್ರವನ್ನು ಯಾವ ಕಾಗದದ ಮೇಲೆ ಇಳಿಸಿದರೆಂದು ಕೇಳಿದರೆ, ಲ್ಯಾಬಿನವರಿಗೆ ಗೊತ್ತು ಎಂದು ಉತ್ತರ ಕೊಡುವನು! ಇದಕ್ಕಿಂತ ಶೋಚನೀಯವಾದುದೇನಿದೆ?

ಆದುದರಿಂದ ಅಚ್ಚಿನ ಬಗೆಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುವುದು ಆವಶ್ಯಕ. ಈಗ ಬಳಕೆಯಲ್ಲಿರುವ ಮುಖ್ಯ ಕ್ರಮಗಳು ಮೂರು. ಮೊದಲನೆಯದು ಬೆಳ್ಳಿಯ ಲವಣವನ್ನು ಲೇಪಿಸಿದ ಕಾಗದ. ಇದರ ಮೇಲೆ ಲೇಸರ್ ಮುಂತಾದ ಬೆಳಕಿನಿಂದ ಬಿಂಬವನ್ನು ಬೀಳಿಸಿ, ರಸಾಯನದಲ್ಲಿ ಅದ್ದಿ ಬಣ್ಣವನ್ನು ಹೊರಡಿಸುತ್ತಾರೆ. ಮದುವೆಯ ಫೋಟೋಗಳನ್ನು ಬಹುಕಾಲದಿಂದ ಅಚ್ಚುಹಾಕುತ್ತ ಬಂದ ಲ್ಯಾಬುಗಳ ಕ್ರಮವಿದು. ಎರಡನೆಯದು, ನೀರಿನಲ್ಲಿ ಕರಗಿದ ಬಣ್ಣದ ಶಾಯಿಯನ್ನು ಯಂತ್ರವು ಸೂಕ್ಷ್ಮ ಹನಿಗಳಾಗಿ ಚಿಮುಕಿಸುವುದು. ಮೂರನೆಯದೂ ಚಿಮುಕಿಸುವುದೇ, ಆದರೆ ಅಲ್ಲಿಯ ಶಾಯಿಯಲ್ಲಿ ಬಣ್ಣವು ಕರಗಿರದೆ ನುಣ್ಣಗಿನ ಕಣಗಳಾಗಿ ತೇಲುತ್ತಿರುವುದು, ಇದನ್ನು ಪಿಗ್ಮೆಂಟ್ ಶಾಯಿಯೆನ್ನುವರು. ಅರಿಸಿನದಲ್ಲಿ ಅದ್ದಿದ ಬಟ್ಟೆಯ ಬಣ್ಣ ಕೆಲವು ಬಿಸಿಲಿಗೆ ಹಾರಿಹೋಗುವುದು. ಗೋಡೆಗೆ ಬಳಿದ ಕೆಮ್ಮಣ್ಣಿನ ಪಟ್ಟೆ ವರ್ಷಗಟ್ಟಲೆ ನಿಲ್ಲುವುದು. ಕರಗಿದ ಬಣ್ಣಕ್ಕೂ ಕಣದ ಬಣ್ಣಕ್ಕೂ ಇರುವ ಭೇದವು ಸ್ಥೂಲವಾಗಿ ಇಂತಹುದು.

ಕರಗಿದ ಬಣ್ಣದ ಶಾಯಿಯು ಬೆಳಕಿಗೆ ಮಾತ್ರವಲ್ಲ, ಗಾಳಿಗೂ ಅಂಜುತ್ತದೆ. ೨೦೦೦ದಲ್ಲಿ ಹೆಸರಾಂತ ಮುದ್ರಣಯಂತ್ರವೊಂದರಿಂದ ತೆಗೆದ ಪಟಗಳು ಕೆಲವೇ ವಾರಗಳಲ್ಲಿ ಕಿತ್ತಿಳೆಯ ಬಣ್ಣಕ್ಕೆ ತಿರುಗಿ ದೊಡ್ಡ ಗುಲ್ಲಾಯಿತು. ಗಾಳಿಯಲ್ಲಿರುವ ಓಜೋನ್ ಅನಿಲವು ನೀಲಿಯ ಬಣ್ಣವನ್ನು ತಿಂದುಹಾಕಿದ್ದೇ ಅದಕ್ಕೆ ಕಾರಣವಾಗಿತ್ತು. ಬೆಳ್ಳಿಯ ಕಾಗದದ ಬಣ್ಣಗಳೂ ಮೊದಲು ಇಂತಹುದೇ ಅಪಕೀರ್ತಿಗೆ ಗುರಿಯಾಗಿದ್ದುವು. ೧೯೪೨ರಲ್ಲಿ ಕೊಡಾಕಲರ್ ಎಂಬ ಹೆಸರಿನಿಂದ ಹೊರಟು ಮುಂದಿನ ಹತ್ತು ವರ್ಷಗಳಲ್ಲಿ ಮನೆಮನೆಗೆ ಹೋದ ವರ್ಣಪಟಗಳು ಬಣ್ಣಗುಂದಿ ಹಳದಿಯ ಕಲೆಯಾಗಿ ಉಳಿದ ಕಥೆಯನ್ನು ಅಮೆರಿಕದ ಹೆನ್ರಿ ವಿಲ್ಹೆಲ್ಮ್ ಎಂಬ ಶೋಧಕನು ೧೯೯೩ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ವಿಸ್ತಾರವಾಗಿ ಬರೆದಿದ್ದಾನೆ. ಅನಂತರ ಬೆಳ್ಳಿಯ ಕಾಗದವು ಬಹಳ ಸುಧಾರಿಸಿತು. ಹೊಸ ರಸಾಯನವನ್ನು ಬಳಸಿ ಚೆನ್ನಾಗಿ ತೊಳೆಯುವ ಲ್ಯಾಬಿನಲ್ಲಿ ಮಾಡಿಸಿದರೆ ಅದು ಸಾಧಾರಣ ಗೃಹಸ್ಥನಿಗೆ ಸಾಕಾದಷ್ಟು ಬಾಳುವ, ಬೆಲೆಯಲ್ಲಿ ಹಿತವಾದ ಪಟ. ಅದಕ್ಕಿಂತ ಮೇಲಾದುದನ್ನು ಬಯಸುವವರಿಗೆ ಒಳ್ಳೆಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯ ಅಚ್ಚುಂಟು. ಜಾಹೀರಾತಿನ ಫಲಕಕ್ಕಾಗಿ ಹುಟ್ಟಿದ ಫ್ಲೆಕ್ಸ್ ಹಾಳೆಗೆ ಮನೆಯ ಗೋಡೆಯಲ್ಲಿ ಸ್ಥಾನವಿಲ್ಲ.

ಕಾಗದದ ವಿಷಯದಲ್ಲಿಯೂ ಎರಡು ಮಾತು. ಮರದ ತಿರುಳಿನಿಂದಾಗಿ ಶುದ್ಧಿಯಾಗದ ಕಾಗದವು ತನ್ನೊಳಗಿನ ಆಮ್ಲದಿಂದ ತಾನೇ ಸುಟ್ಟುಕೊಂಡು ಕಂದುವುದನ್ನು ಹಳೆಯ ಪಠ್ಯಪುಸ್ತಕಗಳಲ್ಲಿ ಎಲ್ಲರೂ ಕಂಡಿದ್ದಾರೆ. ಹತ್ತಿಯ ನಾರಿನ ಕಾಗದವು ಹಾಗಲ್ಲ. ಆದರೆ ಅದು ಬಹುಮಟ್ಟಿಗೆ ಹೊರದೇಶದಿಂದ ಬರುವುದರಿಂದ ಬೆಲೆ ಹೆಚ್ಚು. ಇವೆರಡರ ನಡುವೆ, ಆಮ್ಲವನ್ನು ತೆಗೆದು ಶುದ್ಧಿಮಾಡಿದ ತಿರುಳಿನ ಕಾಗದಗಳು ದೊರೆಯುತ್ತವೆ. ಮಾರಾಟಕ್ಕೆ ಇವು ಯೋಗ್ಯ. ಕಣ್ಣು ಕೋರೈಸುವ ಬಿಳುಪನ್ನು ಕಂಡು ಮಾತ್ರ ಮರುಳಾಗಬಾರದು. ಆ ಬಿಳುಪು ಅನೇಕ ವೇಳೆ ಹೊಳಪಿಗಾಗಿ ಬೆರಸಿದ ರಸಾಯನದ್ದು. ಅದರ ಶಕ್ತಿ ಉಡುಗಿದೊಡನೆ ಕಾಗದವು ತನ್ನ ನಿಜವಾದ ಹಳದಿಯನ್ನು ತೋರಿಸುವುದು. ಇನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ನೂರು ವರ್ಷ, ಇನ್ನೂರು ವರ್ಷ ಎಂಬ ಆಶ್ವಾಸನೆಗಳನ್ನು ಓದುವವರು ಒಂದನ್ನು ಮರೆಯಬಾರದು. ವಿಲ್ಹೆಲ್ಮನ ಸಂಸ್ಥೆಯವರು ಹೇಳುವ ಆಯುಃಪ್ರಮಾಣವು ದಿನಕ್ಕೆ ೧೨ ಗಂಟೆ ೪೫೦ ಲಕ್ಸ್ ಬೆಳಕು, ೨೪ ಡಿಗ್ರಿ ಉಷ್ಣ, ಶೇಕಡ ೬೦ ತೇವ ಎಂಬ ನಿಯಮಗಳಿಗೆ ಒಳಪಟ್ಟದ್ದು. ಕಾರವಾರದ ಆಷಾಢಮಾಸಕ್ಕೂ ಕಲಬುರಗಿಯ ವೈಶಾಖಮಾಸಕ್ಕೂ ಆ ನಿಯಮಗಳ ಪರಿಚಯವೇ ಇಲ್ಲ. ಹೊರನಾಡಿನ ಪ್ರಯೋಗಶಾಲೆಯ ವರ್ಷಗಳನ್ನು ಕರಾವಳಿಯ ಗೋಡೆಗೆ ಹಾಗೆಯೇ ಅಂಟಿಸಿ ಮಾರುವುದು ಸುಳ್ಳು ಹೇಳಿದಂತೆಯೇ ಸರಿ.

ಹಾಗಾದರೆ ಬೆಲೆಯನ್ನು ಎಲ್ಲಿ ಇಳಿಸಬೇಕು? ಮೊದಲು ಗಾತ್ರದಲ್ಲಿ. ಇದು ಪ್ರಾಥಮಿಕ ಶಾಲೆಯ ಕ್ಷೇತ್ರಗಣಿತ. ೨೪ ಅಂಗುಲ ಅಗಲ ೩೬ ಅಂಗುಲ ಉದ್ದದ ಪಟಕ್ಕೆ ೮೬೪ ಚದರ ಅಂಗುಲ ಕಾಗದ ಬೇಕು. ಅದೇ ಹಾಳೆಯಲ್ಲಿ ೧೨ಕ್ಕೆ ೧೮ರ ನಾಲ್ಕು ಪಟಗಳು, ೮ಕ್ಕೆ ೧೨ರ ಒಂಬತ್ತು ಪಟಗಳು ಹೊರಡುತ್ತವೆ. ಒಂದು ಮನೆಯ ಗೋಡೆಯನ್ನು ಮುಚ್ಚುವ ಕಾಗದ ಒಂಬತ್ತು ಮನೆಗಳ ಗೋಡೆಯನ್ನು ಅಲಂಕರಿಸಬಲ್ಲದು. ದೊಡ್ಡ ಪಟಕ್ಕೆ ಗಾಜು, ಚೌಕಟ್ಟು, ಸಾಗಾಣಿಕೆ ಎಲ್ಲವೂ ಏರುತ್ತವೆ. ಚಿತ್ರದ ಸಾಮರ್ಥ್ಯವನ್ನೂ ನೋಡಬೇಕು. ಅಂಗುಲಕ್ಕೆ ೩೦೦ ಬಿಂದುಗಳಂತೆ ಅಚ್ಚಾದರೆ ಪಟವನ್ನು ಕೈಯಲ್ಲಿ ಹಿಡಿದು ನೋಡಿದರೂ ನಯವಾಗಿ ಕಾಣುವುದು. ಆ ಲೆಕ್ಕದಲ್ಲಿ ೮ಕ್ಕೆ ೧೨ರ ಪಟಕ್ಕೆ ೮೬ ಲಕ್ಷ, ೧೨ಕ್ಕೆ ೧೮ಕ್ಕೆ ೧ ಕೋಟಿ ೯೪ ಲಕ್ಷ, ೨೪ಕ್ಕೆ ೩೬ಕ್ಕೆ ೭ ಕೋಟಿ ೭೮ ಲಕ್ಷ ಬಿಂದುಗಳು ಬೇಕಾಗುವುವು. ೨ ಕೋಟಿ ೪೦ ಲಕ್ಷ ಬಿಂದುಗಳ ಕ್ಯಾಮರಾ ಈಗ ಸಾಧಾರಣ. ಅದು ಎರಡನೆಯ ಗಾತ್ರವನ್ನು ನಿರಾಯಾಸವಾಗಿ ತುಂಬುತ್ತದೆ. ಮೂರನೆಯದಕ್ಕೆ ಎಳೆದರೆ ಅಂಗುಲಕ್ಕೆ ೧೬೬ ಬಿಂದುಗಳಷ್ಟೇ ಸಿಗುವುವು. ದೂರದಿಂದ ನೋಡುವ ಸಭಾಂಗಣಕ್ಕೆ ಅದು ಸಾಕು. ಹತ್ತಡಿಯ ಕೋಣೆಯಲ್ಲಿ, ಸೋಫಾದ ಮೇಲೆ ತೂಗುವ ಪಟಕ್ಕೆ ಸಾಲದು. ವಾಟ್ಸಾಪಿನಲ್ಲಿ ಬಂದು ಕುಗ್ಗಿದ ಚಿತ್ರವನ್ನು ಹಿಗ್ಗಿಸಿ ಮಾರುವವರ ಸಾಹಸವನ್ನಂತೂ ವಿಮರ್ಶಿಸುವುದೇ ಬೇಡ.

ಎರಡನೆಯದಾಗಿ, ವ್ಯರ್ಥವಾಗುವ ಅಚ್ಚುಗಳಲ್ಲಿ ಇಳಿಸಬೇಕು. ಲ್ಯಾಬಿನಿಂದ ಬಂದ ಪಟ ಕಪ್ಪಾಯಿತೆಂದು ಗೊಣಗುವ ತರುಣರು ಬಹಳ. ದೋಷವು ಅನೇಕ ವೇಳೆ ಲ್ಯಾಬಿನದಲ್ಲ. ಕತ್ತಲೆಯ ಕೋಣೆಯಲ್ಲಿ ಕಂಪ್ಯೂಟರಿನ ಪರದೆಯನ್ನು ಪೂರ್ಣ ಹೊಳಪಿಗೆ ಏರಿಸಿಕೊಂಡು ಚಿತ್ರವನ್ನು ತಿದ್ದಿದವನದು. ಪರದೆಯು ತಾನೇ ಬೆಳಗುವ ದೀಪ. ಕಾಗದವು ಪರರ ಬೆಳಕನ್ನು ಹಿಂದಿರುಗಿಸುವ ಬಡವ. ಪರದೆಯ ಹೊಳಪನ್ನು ತಗ್ಗಿಸಿ, ಲ್ಯಾಬಿನವರಿಂದ ಅವರ ಕಾಗದಕ್ಕೆ ಹೊಂದುವ ಬಣ್ಣದ ಪ್ರೊಫೈಲನ್ನು ಕೇಳಿ ಪಡೆದು, ಯಂತ್ರವು ತನ್ನಷ್ಟಕ್ಕೆ ತಿದ್ದದಂತೆ ಹೇಳಿ, ಮೊದಲು ಅಂಗೈಯಗಲದ ಒಂದು ಪರೀಕ್ಷೆಯ ತುಂಡನ್ನು ಹಾಕಿಸಿ ಹಗಲಿನ ಬೆಳಕಿನಲ್ಲಿ ನೋಡಿದರೆ, ದೊಡ್ಡ ಹಾಳೆಗಳು ಕಸದ ಬುಟ್ಟಿಗೆ ಹೋಗುವುದು ತಪ್ಪುತ್ತದೆ. ಐವತ್ತು ಪಟಗಳನ್ನು ಮುಂದಾಗಿ ಮಾಡಿಸಿ ರಾಶಿ ಹಾಕುವ ಬದಲು, ಒಂದೊಂದು ಮಾದರಿಯನ್ನು ಪ್ರದರ್ಶಿಸಿ, ಬೇಡಿಕೆಯನ್ನು ಬರೆದುಕೊಂಡು, ಬೇಕಾದಷ್ಟನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಅಚ್ಚುಹಾಕಿಸುವವನಿಗೆ ಬಂಡವಾಳವೂ ಕಡಿಮೆ, ನಷ್ಟವೂ ಕಡಿಮೆ.

ಮೂರನೆಯದಾಗಿ, ಚೌಕಟ್ಟಿನಲ್ಲಿ. ಕಟ್ಟು ಹಾಕಿಸುವ ಖರ್ಚು ಪಟದ ಖರ್ಚನ್ನು ಮೀರುವುದೇ ಹೆಚ್ಚು. ಪಟವನ್ನು ಕಟ್ಟಿಲ್ಲದೆ, ಗಟ್ಟಿ ರಟ್ಟಿನ ಆಸರೆಯೊಡನೆ ಕೊಟ್ಟು, ಕಟ್ಟಿನ ಆಯ್ಕೆಯನ್ನು ಗೃಹಸ್ಥನಿಗೇ ಬಿಡುವುದು ಉತ್ತಮ. ಆದರೆ ಅವನಿಗೆ ನಾಲ್ಕು ಮಾತು ಹೇಳಿಕೊಡಬೇಕು: ಪಟವು ಗಾಜಿಗೆ ಅಂಟದಂತೆ ನಡುವೆ ಆಮ್ಲವಿಲ್ಲದ ರಟ್ಟಿನ ಅಂಚು ಇರಲಿ, ಬೆನ್ನಿಗೆ ಹಳೆಯ ವೃತ್ತಪತ್ರಿಕೆಯನ್ನಾಗಲಿ ಕಂದು ರಟ್ಟನ್ನಾಗಲಿ ಇಡಬೇಡಿ, ಮಳೆಗಾಲದಲ್ಲಿ ಒಸರುವ ಗೋಡೆಗೆ ತೂಗಬೇಡಿ, ಎಳೆಬಿಸಿಲು ನೇರವಾಗಿ ಬೀಳುವ ಕಿಟಕಿಯ ಎದುರು ಬೇಡ. ಈ ನಾಲ್ಕರಿಂದ ಹೆಚ್ಚುವ ಆಯುಸ್ಸನ್ನು ಚಿನ್ನದ ರೇಕಿನ ಚೌಕಟ್ಟು ಕೊಡಲಾರದು.

ಇಲ್ಲಿಯವರೆಗೆ ಅಗ್ಗದ ಹೆಸರಿನಲ್ಲಿ ಕೆಡಿಸುವವರ ವಿಚಾರವಾಯಿತು. ಇವರಿಗೆ ಎದುರಾಗಿ, ಗುಣದ ಹೆಸರಿನಲ್ಲಿ ಸುಲಿಯುವ ಇನ್ನೊಂದು ಪಕ್ಷವಿದೆ. ಮಹಾನಗರಗಳ ಕಲಾಶಾಲೆಗಳಲ್ಲಿ ಒಂದು ಛಾಯಾಚಿತ್ರದ ಹತ್ತೇ ಪ್ರತಿಗಳನ್ನು ತೆಗೆದು, ಹತ್ತರಲ್ಲಿ ಮೂರನೆಯದೆಂದು ಅಂಕೆ ಹಾಕಿ, ಹನ್ನೊಂದನೆಯದು ಎಂದಿಗೂ ಹುಟ್ಟದೆಂದು ಪ್ರಮಾಣಮಾಡಿ, ಉಪಾಧ್ಯಾಯನೊಬ್ಬನ ತಿಂಗಳ ಸಂಬಳವನ್ನು ಕೇಳುತ್ತಾರೆ. ತಾಮ್ರದ ತಗಡಿನ ಮೇಲೆ ಕೊರೆದ ಚಿತ್ರಕ್ಕೆ ಈ ಸಂಖ್ಯೆಯು ಸಹಜವಾಗಿತ್ತು. ಅಚ್ಚು ಒತ್ತಿದಂತೆಲ್ಲ ತಗಡು ಸವೆಯುವುದರಿಂದ ಮೊದಲ ಪ್ರತಿಗೂ ಕೊನೆಯ ಪ್ರತಿಗೂ ನಿಜವಾಗಿಯೇ ಭೇದವಿತ್ತು. ಛಾಯಾಚಿತ್ರದ ಮೂಲವು ಸವೆಯುವುದೆಲ್ಲಿ? ಸಾವಿರದ ಪ್ರತಿಯೂ ಮೊದಲ ಪ್ರತಿಯ ಸಹೋದರನೇ. ಹೀಗಿರಲು ಹತ್ತರ ಅಂಕೆಯು ವಸ್ತುಧರ್ಮವಲ್ಲ, ವ್ಯಾಪಾರಿಯ ಸಂಕೇತ. ಇದರೊಡನೆ ಹೆಸರಿನ ಮೆರುಗು ಬೇರೆ. ಶಾಯಿಯನ್ನು ಚಿಮುಕಿಸಿ ಹಾಕಿದ ಪಟಕ್ಕೆ ಜಿಕ್ಲೇ ಎಂಬ ಫ್ರೆಂಚ್ ವೇಷವನ್ನು ೧೯೯೧ರಲ್ಲಿ ಜ್ಯಾಕ್ ಡುಗಾನ್ ಎಂಬ ಅಮೆರಿಕದ ಮುದ್ರಕನು ತೊಡಿಸಿದನು. ಚಿಮ್ಮುವುದು ಎಂಬುದಕ್ಕಿಂತ ಹೆಚ್ಚಿನ ಅರ್ಥ ಅದರ ಧಾತುವಿನಲ್ಲಿಲ್ಲ. ಆ ಹೆಸರಿನಿಂದ ಮೊದಮೊದಲು ಮಾರಿದ ಪಟಗಳ ಶಾಯಿಯು ಬೇಗ ಮಾಸತಕ್ಕದ್ದಾಗಿತ್ತೆಂಬುದನ್ನು ಸ್ಮರಿಸಿದರೆ, ಹೆಸರಿಗೆ ಹಣ ಕೊಡುವವರು ಎಚ್ಚರಗೊಳ್ಳಬಹುದು.

ಪ್ರತಿಗಳು ಹೆಚ್ಚಿದರೆ ಕಲೆಯ ಗೌರವ ಇಳಿಯುವುದೆಂದು ಈ ಪಕ್ಷದವರು ವಾದಿಸುತ್ತಾರೆ. ಅಮೆರಿಕದ ಆನ್ಸೆಲ್ ಆಡಮ್ಸ್‌ನ ಚರಿತ್ರೆ ಈ ವಾದವನ್ನು ಮುರಿದುಹಾಕುತ್ತದೆ. ೧೯೦೨ರಲ್ಲಿ ಹುಟ್ಟಿ ೧೯೮೪ರಲ್ಲಿ ತೀರಿಕೊಂಡ ಈ ಮಹಾ ಛಾಯಾಗ್ರಾಹಕನು, ಹರ್ನಾಂಡೆಸ್ ಎಂಬ ಹಳ್ಳಿಯ ಮೇಲಣ ಚಂದ್ರೋದಯವನ್ನು ೧೯೪೧ರಲ್ಲಿ ಚಿತ್ರಿಸಿ, ಅದರ ಸಾವಿರಕ್ಕೂ ಮಿಕ್ಕ ಪ್ರತಿಗಳನ್ನು ಜೀವಮಾನದಲ್ಲಿ ತಯಾರಿಸಿದನು. ಅಷ್ಟು ಪ್ರತಿಗಳಿದ್ದರೂ ಅವುಗಳಲ್ಲೊಂದು ೨೦೦೬ರ ಹರಾಜಿನಲ್ಲಿ ಆರು ಲಕ್ಷ ಡಾಲರುಗಳನ್ನು ಮೀರಿತು. ಇದಕ್ಕಿಂತ ಮುಖ್ಯವಾದುದು ಮತ್ತೊಂದು. ಯೊಸೆಮಿಟಿಯ ಕಣಿವೆಗೆ ಬರುವ ಯಾತ್ರಿಕರು ಅಗ್ಗದ ಆಟಿಕೆಗಳನ್ನು ಕೊಂಡು ಹೋಗುವುದನ್ನು ಸಹಿಸದೆ, ಅವನು ೧೯೫೮ರಲ್ಲಿ ತನ್ನ ಕೆಲವು ಮೂಲಗಳನ್ನು ಆರಿಸಿ, ಸಹಾಯಕರಿಂದ ಚಿಕ್ಕ ಗಾತ್ರದ ಅಚ್ಚುಗಳನ್ನು ತನ್ನ ನಿರ್ದೇಶದಂತೆ ಮಾಡಿಸಿ, ಸಂಖ್ಯೆಯ ಮಿತಿಯಿಲ್ಲದೆ ಸಾಮಾನ್ಯರ ಕೈಗೆಟಕುವ ಬೆಲೆಗೆ ಮಾರಿಸಿದನು. ಕಾಗದವೂ ರಸಾಯನವೂ ಉತ್ತಮ. ಇಳಿದದ್ದು ಗಾತ್ರ ಮತ್ತು ಆಡಂಬರ. ೧೯೭೫ರಿಂದ ಆ ಅಚ್ಚುಗಳ ಭಾರವನ್ನು ಅವನ ಸಹಾಯಕ ಆಲನ್ ರಾಸ್ ಹೊತ್ತನು. ಕಲೆಯ ಗೌರವ ಎಳ್ಳಷ್ಟೂ ಕುಂದಲಿಲ್ಲ.

ಅಷ್ಟು ದೂರ ಹೋಗಲಾರದವರಿಗೆ ಈ ದೇಶದ್ದೇ ಉದಾಹರಣೆಯುಂಟು. ರಾಜಾ ರವಿವರ್ಮನ ತೈಲಚಿತ್ರಗಳು ಅರಮನೆಗಳ ಸ್ವತ್ತಾಗಿದ್ದುವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೆಲವು ಇಂದಿಗೂ ಇವೆ. ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ, ಬಣ್ಣಕ್ಕೊಂದು ಕಲ್ಲಿನಂತೆ ಒತ್ತಿ ತೆಗೆದ ಪ್ರತಿಗಳನ್ನು ಹೊರಡಿಸಿದಾಗ ಅವನ ಲಕ್ಷ್ಮಿ ಸರಸ್ವತಿಯರು ಗುಡಿಸಲಿನ ಗೂಡಿಗೂ ಬಂದರು. ಆ ಪ್ರತಿಗಳ ಕಲಾಮೌಲ್ಯದ ಮೇಲೆ ವಿದ್ವಾಂಸರು ಬೇಕಾದಷ್ಟು ಜಗಳವಾಡಲಿ. ಒಳ್ಳೆಯ ಪಟ ಕೈಗೆಟಕಿದರೆ ಬಡವನೂ ಕೊಳ್ಳುತ್ತಾನೆ, ಕೊಂಡದ್ದನ್ನು ಮೂರು ತಲೆಮಾರು ಕಾಪಾಡುತ್ತಾನೆ ಎಂಬುದನ್ನು ಅವು ಸಿದ್ಧಪಡಿಸಿದುವು. ಗೃಹಸ್ಥನು ಕೊಳ್ಳನೆಂಬ ದೂರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಇನ್ನುಳಿದದ್ದು ಒಂದು ಆಕ್ಷೇಪ. ಎಲ್ಲರ ಕೈಯಲ್ಲಿಯೂ ಮೊಬೈಲ್ ಇರುವಾಗ, ಅದರಲ್ಲಿ ಸಾವಿರ ಚಿತ್ರಗಳು ತುಂಬಿರುವಾಗ, ಕಾಗದದ ಪಟವೇಕೆ ಎಂದು ಕೆಲವರು ಕೇಳುವರು. ಸಾವಿರ ಚಿತ್ರಗಳಿರುವುದರಿಂದಲೇ ಬೇಕು. ಬೆರಳಿನ ತುದಿಯಲ್ಲಿ ಕ್ಷಣಕ್ಕೊಂದರಂತೆ ಜಾರಿಹೋಗುವ ಚಿತ್ರವನ್ನು ಯಾರೂ ನೋಡುವುದಿಲ್ಲ. ಅದು ಕಣ್ಣ ಮುಂದೆ ಹಾದುಹೋಗುತ್ತದೆ, ಅಷ್ಟೆ. ಗೋಡೆಯ ಮೇಲಿನ ಪಟವನ್ನು ಮಗುವು ದಿನವೂ ನೋಡುತ್ತ ಬೆಳೆಯುತ್ತದೆ. ಬಂದ ನೆಂಟರು ನೋಡಿ ಇದ್ಯಾವ ಊರೆಂದು ಕೇಳುತ್ತಾರೆ. ಹಿರಿಯರು ಕಥೆ ಹೇಳುತ್ತಾರೆ. ಮೊಬೈಲ್ ಕೆಟ್ಟರೆ ಅದರೊಡನೆ ಚಿತ್ರಗಳೂ ಹೋಗುವುದುಂಟು. ಹಳೇಬೀಡಿನ ಭಿತ್ತಿಯನ್ನು ಎಂದೂ ಕಾಣದ ಬಾಲಕನ ಮನೆಯಲ್ಲಿ ಅದರದೊಂದು ಒಳ್ಳೆಯ ಪಟವಿದ್ದರೆ, ಪಾಠದ ಪುಟದಲ್ಲಿ ಆ ಹೆಸರು ಬಂದಾಗ ಅವನ ಕಣ್ಣು ಅರಳುವುದು. ಆ ಪಟವು ನೀಲಿಗಟ್ಟಿದ ಕಾಗದವಾಗಿದ್ದರೆ ಅವನಿಗೆ ಅದೇ ಹಳೇಬೀಡು.

ಇಷ್ಟು ವಿಚಾರಿಸಿದ ಮೇಲೆ ಮಾಡತಕ್ಕದ್ದೇನೆಂಬುದು ಸ್ಪಷ್ಟ. ಮಾರುವ ಪ್ರತಿಯೊಂದು ಪಟದ ಬೆನ್ನಿನ ಮೇಲೆ ಐದು ಸಂಗತಿಗಳನ್ನು ಕನ್ನಡದಲ್ಲಿ ಬರೆದಿರಬೇಕು: ಚಿತ್ರವನ್ನು ತೆಗೆದವರ ಹೆಸರು, ಅಚ್ಚುಹಾಕಿದವರ ಹೆಸರು, ಅಚ್ಚಾದ ವರ್ಷ, ಕಾಗದದ ಬಗೆ, ಬಣ್ಣದ ಬಗೆ. ಇದಕ್ಕೆ ಕಾನೂನು ಬೇಡ, ಸರಕಾರದ ಅಪ್ಪಣೆ ಬೇಡ. ಒಂದು ಲೇಖನಿ ಸಾಕು. ಬರೆಯಲು ಹಿಂಜರಿಯುವವನಿಂದ ಕೊಳ್ಳಬಾರದು. ಪ್ರಶಸ್ತಿಗಳ ಬೆನ್ನು ಹತ್ತಿ ಪರದೇಶಗಳಿಗೆ ಚಿತ್ರಗಳನ್ನು ಕಳುಹಿಸುವ ಛಾಯಾಗ್ರಾಹಕ ಸಂಘಗಳು ವರ್ಷಕ್ಕೊಂದು ದಿನವನ್ನಾದರೂ ಅಚ್ಚಿನ ಶಿಕ್ಷಣಕ್ಕೆ ಮೀಸಲಿಡಬೇಕು. ಸದಸ್ಯರ ಬೇಡಿಕೆಗಳನ್ನು ಒಟ್ಟುಗೂಡಿಸಿ ಒಂದೇ ಲ್ಯಾಬಿಗೆ ಕೊಟ್ಟು ದರವನ್ನು ಇಳಿಸಬೇಕು. ಒಂದೇ ಚಿತ್ರವನ್ನು ನಾಲ್ಕು ಬಗೆಯ ಕಾಗದದ ಮೇಲೆ ಹಾಕಿಸಿ, ಅರ್ಧಕ್ಕೆ ರಟ್ಟು ಮುಚ್ಚಿ ಬಿಸಿಲಿನ ಕಿಟಕಿಯಲ್ಲಿ ವರ್ಷವಿಟ್ಟು, ಫಲಿತಾಂಶವನ್ನು ಎಲ್ಲರಿಗೂ ತೋರಿಸಬೇಕು. ಅದಕ್ಕೆ ತಗಲುವ ಖರ್ಚು ಒಂದು ಸನ್ಮಾನದ ಹಾರ ಶಾಲುಗಳಿಗಿಂತ ಹೆಚ್ಚಲ್ಲ.

ಗೃಹಸ್ಥರ ಕರ್ತವ್ಯವೂ ಇದಕ್ಕೆ ಕಡಿಮೆಯಲ್ಲ. ಅವರು ಅಡಿಗಳ ಲೆಕ್ಕದಲ್ಲಿ ಪಟವನ್ನು ಕೊಳ್ಳುವುದನ್ನು ಬಿಡಬೇಕು. ಬಾಗಿಲಿನಷ್ಟು ದೊಡ್ಡದಾದ ಮಾಸುವ ಪಟಕ್ಕೆ ಕೊಡುವ ಹಣದಲ್ಲಿ ಹಲಗೆಯಷ್ಟು ಚಿಕ್ಕದಾದ ಬಾಳುವ ಪಟವನ್ನು ಕೇಳಿ ಪಡೆಯಬೇಕು. ಬಣ್ಣ ನಿಲ್ಲುವುದೇ, ಕಾಗದ ಯಾವುದು, ಯಾವ ಲ್ಯಾಬಿನದು, ಈ ಮೂರು ಪ್ರಶ್ನೆಗಳನ್ನು ಸೀರೆಯಂಗಡಿಯಲ್ಲಿ ತೋರುವ ಧೈರ್ಯದಿಂದಲೇ ಪಟದಂಗಡಿಯಲ್ಲಿಯೂ ಕೇಳಬೇಕು. ಕೇಳುವವರು ಹತ್ತು ಮಂದಿ ಹುಟ್ಟಿದ ದಿನವೇ ಉತ್ತರವನ್ನು ಕಲಿತ ವ್ಯಾಪಾರಿ ಹುಟ್ಟುವನು. ಚೌಕಟ್ಟಿಗೆ ಅಂಜಿ ಒಳ್ಳೆಯ ಪಟವನ್ನು ಬಿಟ್ಟವರೂ, ಅಗ್ಗಕ್ಕೆ ಮನಸೋತು ಕೆಟ್ಟ ಪಟವನ್ನು ಹಿಡಿದವರೂ ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು: ಬೆಲೆ ಇಳಿಯಬೇಕಾದುದು ಪಟದ ಅಗಲದಲ್ಲಿ, ಅದರ ಆಯುಸ್ಸಿನಲ್ಲಿ ಅಲ್ಲ.